ಬಿಡಾರಕ್ಕೆ ಗ್ಯಾಸ್ ಫ್ರಿಜ್

ವಿದ್ಯುತ್ತಿಲ್ಲದ ಬಿಡಾರಕ್ಕೆ ಒಯ್ಯುವ ಗ್ಯಾಸ್ ಫ್ರಿಜ್ಜಿನಲ್ಲಿ ತಿರುಗುವ ಯಂತ್ರವಿಲ್ಲ. ಸಣ್ಣ ಉರಿಯ ಕಾವಿಗೆ ನೀರಿನಿಂದ ಬೇರ್ಪಟ್ಟ ಅಮೋನಿಯಾ ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಶಾಖವನ್ನು ಹೀರುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ರೂಪಿಸಿದ ವಿಧಾನವಿದು. ದ್ರವವು ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ಪೆಟ್ಟಿಗೆಯನ್ನು ಸಮತಟ್ಟಾಗಿ ಕೂರಿಸತಕ್ಕದ್ದು. ಓರೆಯಾದರೆ ಉರಿಯಿದ್ದೂ ತಂಪಿಲ್ಲ. ಹಿಂದಿನ ದಿನವೇ ಹಚ್ಚಿ, ನೆರಳಿನಲ್ಲಿಡಿ.

ಸಾಮಾನ್ಯ ಮಾದರಿಗಳು ಹೊರಗಿನ ಹವೆಗಿಂತ 25ರಿಂದ 30 ಡಿಗ್ರಿಯಷ್ಟೇ ಕೆಳಗಿಳಿಸುತ್ತವೆ. ಹೊರಗೆ 40 ಡಿಗ್ರಿಯಿದ್ದರೆ ಒಳಗೆ 10ಕ್ಕಿಂತ ಕಡಿಮೆಯಾಗುವುದು ಕಷ್ಟ. 2ರಿಂದ 8 ಡಿಗ್ರಿಯಲ್ಲಿಡಬೇಕಾದ ದನದ ಲಸಿಕೆಯನ್ನು ಇದರಲ್ಲಿ ನಂಬಿ ಇಡಬೇಡಿ. ಮಂಜುಗಡ್ಡೆಯ ಲಸಿಕೆ ಪೆಟ್ಟಿಗೆಯೇ ವಾಸಿ.

ಉರಿಯುವ ಫ್ರಿಜ್ಜನ್ನು ಗುಡಾರದೊಳಗಿಟ್ಟು ಎಂದಿಗೂ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ವಾಹನ ಹೊರಡುವ ಮುನ್ನ ಉರಿ ಆರಿಸಿ, ಸಿಲಿಂಡರನ್ನೂ ಮುಚ್ಚಿ.