ಬಾಂದಾರ ಮುಳುಗಿದ ದಿನ ಪಾಠ ಯಾರದು?

ಜುಲೈ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ ಭಾಗದ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ ಎಂದು ಊರುಗಳ ಜೋಡಿ ಹೆಸರು ಕೊಟ್ಟು, ಇಷ್ಟು ಸೇತುವೆಗಳು ಜಲಾವೃತ ಎಂದು ಬರೆದಿರುತ್ತಾರೆ. ಘಟ್ಟದ ಮೇಲೆ ಮಳೆ ಹಿಡಿದು, ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಬರುವ ನೀರು ಏರಿ, ದೂಧಗಂಗಾ ವೇದಗಂಗಾ ಎರಡೂ ತುಂಬಿಕೊಂಡರೆ ಸೇತುವೆಯಾಗಿಯೂ ಬಳಕೆಯಾಗುವ ಈ ತಗ್ಗಿನ ಒಡ್ಡುಗಳು, ಅಂದರೆ ಬಾಂದಾರಗಳೇ ಮೊದಲು ಮುಳುಗುವುದು. ಬೆಂಗಳೂರಿನ ಓದುಗನಿಗೆ ಅದು ಮಳೆ ಸುದ್ದಿ. ಹೊಳೆಯ ಒಂದು ದಂಡೆಯಲ್ಲಿ ಮನೆ, ಇನ್ನೊಂದು ದಂಡೆಯಲ್ಲಿ ಶಾಲೆ ಇರುವ ಮಾಸ್ತರರಿಗೆ ಹತ್ತು ನಿಮಿಷದ ದಾರಿ ಊರೂರು ಸುತ್ತುವ ದಾರಿಯಾಯಿತು ಎಂಬ ಸುದ್ದಿ. ಕುಡಚಿ–ಉಗಾರ ಸೇತುವೆಯ ಮೇಲೆ ನೀರು ಬಂದರೆ ರಾಯಬಾಗ ಕಡೆಯವರಿಗೂ ಕಾಗವಾಡ ಕಡೆಯವರಿಗೂ ಇದೇ ಪಾಡು.

ದೂರಶಿಕ್ಷಣ, ಆನ್‌ಲೈನ್ ತರಗತಿ, ಅರ್ಧ ಶಾಲೆ ಅರ್ಧ ಮೊಬೈಲು ಎಂಬುದನ್ನೆಲ್ಲ ನಾವು ಕೊರೊನಾ ಕಾಲದ ಕೆಟ್ಟ ನೆನಪಿನಂತೆ ಕಟ್ಟಿ ಮೂಲೆಗಿಟ್ಟಿದ್ದೇವೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಆ ಅನುಕೂಲವಿಲ್ಲ. ಇಲ್ಲಿ ಶಾಲೆ ಬಾಗಿಲು ಹಾಕಲು ವೈರಾಣುವೇ ಬರಬೇಕೆಂದೇನಿಲ್ಲ, ನದಿ ಸಾಕು. 2019ರ ಆಗಸ್ಟಿನ ಮಹಾಪೂರದಲ್ಲಿ ಹೊಳೆದಂಡೆಯ ಊರುಗಳ ಶಾಲೆಗಳಿಗೆ ನೀರು ಹೊಕ್ಕಿತು. ನೀರು ಹೊಗದ ಊರುಗಳ ಶಾಲೆಗಳಲ್ಲಿ ಸಂತ್ರಸ್ತರು ತುಂಬಿದರು, ಅಲ್ಲೂ ಪಾಠ ನಿಂತಿತು. ಆ ಪೆಟ್ಟಿನಿಂದ ಏಳುವಷ್ಟರಲ್ಲಿ 2020ರ ಮಾರ್ಚ್ ಬಂತು, ಕೊರೊನಾಕ್ಕೆ ಶಾಲೆ ಮುಚ್ಚಿತು. 2021ರ ಜುಲೈನಲ್ಲಂತೂ ವೈರಾಣು, ನೆರೆ ಎರಡೂ ಒಟ್ಟಿಗೇ ಬಂದವು. ಕೋವಿಡ್ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಜುಲೈ 19 ಮತ್ತು 22ರಂದು ಎರಡೇ ದಿನಕ್ಕೆ ಇಳಿಸಿದ್ದರು. ಮಕ್ಕಳು ಎರಡನೇ ದಿನದ ಓಎಂಆರ್ ಹಾಳೆ ತುಂಬಿ ಎದ್ದುಬರುವ ಹೊತ್ತಿಗೆ ಹೊಳೆ ಏರತೊಡಗಿತ್ತು. ಅದರ ಬೆನ್ನಿಗೇ ವೇದಗಂಗೆ ಉಕ್ಕಿ ಯಮಗರ್ಣಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು.

ಹಾಗಾಗಿ ದೂರದಿಂದ ಕಲಿಸುವ ಶಿಕ್ಷಕರಿಗೆ ಏನು ಆಸರೆ ಬೇಕು ಎಂಬ ಪ್ರಶ್ನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಮಟ್ಟಿಗೆ ಪ್ರತಿ ಮಳೆಗಾಲದ ಪ್ರಶ್ನೆ. ಉತ್ತರದ ಒಂದು ಕರಡು ನಮ್ಮ ಸರ್ಕಾರದ ಕಡತದಲ್ಲೇ ಇದೆ. ಅದರ ಹೆಸರು ವಿದ್ಯಾಗಮ.

2020ರ ಆಗಸ್ಟಿನಲ್ಲಿ, ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದಾಗ ಶುರುವಾದ ಈ ಕಾರ್ಯಕ್ರಮವನ್ನು ಜನ ಈಗ ‘ವಠಾರ ಶಾಲೆ’ ಎಂದಷ್ಟೇ ನೆನಪಿಟ್ಟಿದ್ದಾರೆ. ಗುಡಿಯ ಕಟ್ಟೆ, ಸಮುದಾಯ ಭವನ, ಬೇವಿನ ಮರದ ಕೆಳಗೆ ನಡೆದ ಪಾಠಗಳು ಅವು. ವಿದ್ಯಾಗಮದ ನಿಜವಾದ ಜಾಣತನ ಇದ್ದದ್ದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ಪಾಠ ಶುರುಮಾಡುವ ಮುನ್ನ ಶಿಕ್ಷಕರು ಮಕ್ಕಳನ್ನು ಮೂರು ಗುಂಪು ಮಾಡಬೇಕಿತ್ತು: ಫೋನೇ ಇಲ್ಲದ ಮನೆಯ ಮಕ್ಕಳು, ಬರೀ ಮಾತಾಡುವ ಫೋನ್ ಇರುವ ಮನೆಯವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಮನೆಯವರು. ಒಬ್ಬೊಬ್ಬ ಶಿಕ್ಷಕರ ಪಾಲಿಗೆ ಇಪ್ಪತ್ತು–ಇಪ್ಪತ್ತೈದು ಮಕ್ಕಳು. ಮಗುವಿನ ಮನೆಯಲ್ಲಿ ಏನಿದೆ ಎಂದು ನೋಡಿ ಪಾಠದ ದಾರಿ ಗೊತ್ತುಮಾಡಿಕೊಳ್ಳುವುದು, ಇಷ್ಟೇ. ಇಷ್ಟು ಸರಳ ಮಾತು ಆ ವರ್ಷ ದುಬಾರಿ ಆ್ಯಪ್ ಮಾರುತ್ತಿದ್ದ ಕಂಪನಿಗಳಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಅವರಿಗೆ ಅದರಿಂದ ಲಾಭವಿರಲಿಲ್ಲ.

ಚಿಕ್ಕೋಡಿ ಸೀಮೆಯಲ್ಲಿ ಈ ಪಟ್ಟಿ ಮಾಡುವುದೂ ಸಲೀಸಲ್ಲ. ಅಥಣಿ, ರಾಯಬಾಗ ಕಡೆ ಅರ್ಧ ಊರು ಊರಲ್ಲಿರುವುದಿಲ್ಲ, ತೋಟದಲ್ಲಿರುತ್ತದೆ. ಬಾವಿ, ಕಬ್ಬು, ದನದ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡು ನಾಲ್ಕಾರು ಮನೆ; ಅವರ ಮಕ್ಕಳಿಗೆಂದೇ ತೋಟದ ಶಾಲೆಗಳು. ವಠಾರವೇ ಇಲ್ಲದ ಕಡೆ ವಠಾರ ಶಾಲೆ ಹೇಗೆ? ಮಾಸ್ತರರು, ಅಕ್ಕೋರು ಬೈಕು ಸ್ಕೂಟಿ ಹತ್ತಿ, ಕಬ್ಬಿನ ನಡುವಿನ ಕೆಸರು ದಾರಿಯಲ್ಲಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗಬೇಕು. ಪೆಟ್ರೋಲು ಅವರದು, ಝೆರಾಕ್ಸ್ ಮಾಡಿಸಿದ ಅಭ್ಯಾಸ ಹಾಳೆಯ ದುಡ್ಡೂ ಎಷ್ಟೋ ಕಡೆ ಅವರದೇ.

ಫೋನ್ ಇದ್ದ ಮನೆಯ ಕಥೆಯನ್ನೂ ಸ್ವಲ್ಪ ನೋಡೋಣ. 2020ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು ಶೇ 61.8. ಎರಡು ವರ್ಷ ಹಿಂದೆ ಅದು ಶೇ 36.5 ಇತ್ತು. ದೊಡ್ಡ ಜಿಗಿತವೇ. ಆದರೆ ಮನೆಯಲ್ಲಿ ಫೋನ್ ಇದೆ ಎಂದರೆ ಅದು ಬೆಳಗ್ಗೆ ಅಪ್ಪನ ಕಿಸೆಯಲ್ಲಿ ಹೊಲಕ್ಕೋ ಫ್ಯಾಕ್ಟರಿಗೋ ಹೋಗುತ್ತದೆ, ರಾತ್ರಿ ಬರುತ್ತದೆ. “ಫೋನ್ ಅಪ್ಪನ ಹತ್ರ ಐತ್ರಿ ಸರ” ಎನ್ನುವುದು ಆ ದಿನಗಳ ಮಾಮೂಲಿ ಉತ್ತರ. ಹೋಮ್‌ವರ್ಕಿನ ಫೋಟೊ ಬರುವುದು ರಾತ್ರಿ ಒಂಬತ್ತರ ಮೇಲೆ. ಅದೂ ಹೇಗೆ? ಪುಟ ಓರೆ, ಅರ್ಧಕ್ಕೆ ಕೈಯ ನೆರಳು, ಪೆನ್ಸಿಲ್ ಬರಹ ಬಲ್ಬಿನ ಬೆಳಕಿಗೆ ಮಾಸಿ ಕಾಣದು. ಶಿಕ್ಷಕಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಏಳೋ ಒಂದೋ ಎಂದು ಊಹಿಸಿ, ಭಾಗಾಕಾರದಲ್ಲಿ ಮುಂದಿನ ಅಂಕಿ ಇಳಿಸುವುದನ್ನು ಮಗು ಮರೆತಿದೆ ಎಂದು ಕಂಡುಹಿಡಿಯಬೇಕು. ತಪ್ಪು ಸಿಕ್ಕಿತು ಎನ್ನಿ. ಅದನ್ನು ಹೇಳಿಕೊಡುವುದು ಹೇಗೆ? ಟೈಪ್ ಮಾಡಿದರೆ ಮೂರನೇ ಇಯತ್ತೆಯ ಮಗು ಓದಲಾರದು. ಕರೆ ಮಾಡಿದರೆ ಮಗು ಮಲಗಿದೆ. ಕಡೆಗೆ ತಾವೇ ಒಂದು ಹಾಳೆಯ ಮೇಲೆ ಲೆಕ್ಕ ಬಿಡಿಸಿ, ಮಾತು ಸೇರಿಸಿ ಕಳಿಸುತ್ತಾರೆ. ಇಪ್ಪತ್ತೈದು ಮಕ್ಕಳಿಗೆ ಇಪ್ಪತ್ತೈದು ತರಹದ ತಪ್ಪು. ಅದರ ನಡುವೆ ಅವರದೇ ಮಗಳ ಆನ್‌ಲೈನ್ ಕ್ಲಾಸಿಗೂ ಅದೇ ಫೋನ್ ಬೇಕು.

ತರಗತಿಯಲ್ಲಿ ಇದೇ ಕೆಲಸ ಮಗುವಿನ ಪಕ್ಕ ಬಗ್ಗಿ ನಿಂತರೆ ಅರ್ಧ ನಿಮಿಷದ್ದು. 2020ರಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ವಿಚಾರಿಸಿದಾಗ, ಆನ್‌ಲೈನಿನಲ್ಲಿ ಮಕ್ಕಳ ಕಲಿಕೆಯನ್ನು ಸರಿಯಾಗಿ ಅಳೆಯಲು ಸಾಧ್ಯವೇ ಇಲ್ಲ ಎಂದಿದ್ದರು ಶೇ 90 ಶಿಕ್ಷಕರು. ಮರುವರ್ಷ ಅದೇ ಸಂಸ್ಥೆ ಕರ್ನಾಟಕವೂ ಸೇರಿದ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿ ನೋಡಿತು. ಶೇ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಕೌಶಲ ಮರೆತಿದ್ದರು. ಗಣಿತದಲ್ಲಿ ಹೀಗಾದವರು ಶೇ 82. ಶಿಕ್ಷಕರು ಮೊದಲೇ ಹೇಳಿದ್ದು ನಿಜವಾಗಿತ್ತು, ಕೇಳಿಸಿಕೊಂಡವರು ಕಡಿಮೆ.

ವಿದ್ಯಾಗಮವನ್ನು 2020ರ ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ನಿಲ್ಲಿಸಲಾಯಿತು. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿಗಳ ಮಧ್ಯೆ ಬೇರೆ ಮಾಡುವಂತಿರಲಿಲ್ಲ. 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲೇ ಮತ್ತೆ ನಡೆಯಿತು. ನನ್ನ ತಕರಾರು ನಿಲ್ಲಿಸಿದ್ದಕ್ಕಲ್ಲ. ಆ ಮೂರು ಪಟ್ಟಿಗಳನ್ನು, ಆ ಅಭ್ಯಾಸ ಹಾಳೆಗಳನ್ನು, ಯಾವ ತೋಟಕ್ಕೆ ಯಾವ ದಿನ ಎಂಬ ಲೆಕ್ಕವನ್ನು ಕೋವಿಡ್ ಮುಗಿದ ಕೂಡಲೇ ರದ್ದಿಗೆ ಹಾಕಿದ್ದಕ್ಕೆ. ಬೇರೆ ಜಿಲ್ಲೆಗಳಿಗೆ ಅದು ಮುಗಿದ ಅಧ್ಯಾಯ ಇರಬಹುದು. ಹೊಳೆದಂಡೆಯ ಶಾಲೆಗೆ ಅದು ಪ್ರತಿ ವರ್ಷದ ಸಾಮಾನು.

ದೂರದಿಂದ ಕಲಿಸುವುದು ನಮಗೆ 2020ರಲ್ಲಿ ಆಕಾಶದಿಂದ ಬಿದ್ದದ್ದೂ ಅಲ್ಲ. ಆಕಾಶದಿಂದ ಬಿದ್ದದ್ದು 1975ರಲ್ಲಿ, ಅಕ್ಷರಶಃ. ಅಮೆರಿಕದ ಎಟಿಎಸ್–6 ಉಪಗ್ರಹ ಬಳಸಿ 1975ರ ಆಗಸ್ಟಿನಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿದ ‘ಸೈಟ್’ ಪ್ರಯೋಗದಲ್ಲಿ ಅಥಣಿಯ ನೆರೆಯ ವಿಜಯಪುರ ಜಿಲ್ಲೆಯೂ ಇತ್ತು. ಕಲಬುರಗಿ, ರಾಯಚೂರು ಕೂಡ. ಇದರಲ್ಲಿ ಮಕ್ಕಳ ಪಾಠಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು, ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗೆಯ ತರಬೇತಿಯನ್ನು ಇದೇ ವ್ಯವಸ್ಥೆಯಲ್ಲಿ ಕೊಟ್ಟದ್ದು. ಶಿಕ್ಷಕರು ಒಂದೆಡೆ ಸೇರಿ ಟಿವಿ ನೋಡಿ, ರೇಡಿಯೊ ಕೇಳಿ, ಕೊಟ್ಟ ಪುಸ್ತಕ ಓದಿ, ಪ್ರಯೋಗವನ್ನು ಕೈಯಾರೆ ಮಾಡಿ, ಅದರ ಮೇಲೆ ಚರ್ಚೆ ಮಾಡುತ್ತಿದ್ದರು. ಮುಂದೆ ಆಕಾಶವಾಣಿಯಲ್ಲಿ ಬಂದ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ಯಂಥ ಕಾರ್ಯಕ್ರಮಗಳೂ ತರಗತಿಯಲ್ಲಿ ಶಿಕ್ಷಕರಿದ್ದಾರೆ ಎಂದುಕೊಂಡೇ ತಯಾರಾದವು. ಮೆಕ್ಸಿಕೊದಲ್ಲಿ 1968ರಿಂದ ಹಳ್ಳಿಗಳ ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಟಿವಿ ಪಾಠ ನಡೆಯುತ್ತಿದೆ. ಅಲ್ಲೂ ಟಿವಿಯ ಪಕ್ಕ ಒಬ್ಬ ಶಿಕ್ಷಕರು ಇದ್ದೇ ಇರುತ್ತಾರೆ.

ಇದಕ್ಕೆ ಹೋಲಿಸಿದರೆ 2020ರಿಂದೀಚಿನ ಶಿಕ್ಷಕ ತರಬೇತಿ ಬಡವಾಗಿ ಕಾಣುತ್ತದೆ. ಕೇಂದ್ರದ ‘ನಿಷ್ಠಾ’ ತರಬೇತಿಯನ್ನು 2020ರ ಅಕ್ಟೋಬರಿನಲ್ಲಿ ದೀಕ್ಷಾ ಎಂಬ ಜಾಲ ವೇದಿಕೆಗೆ ತಂದು 18 ಕೋರ್ಸುಗಳಾಗಿ ಆನ್‌ಲೈನ್ ಮಾಡಿದರು. ವಿಡಿಯೊ ನೋಡು, ಪ್ರಶ್ನೆಗೆ ಉತ್ತರ ಒತ್ತು, ಸರ್ಟಿಫಿಕೇಟ್ ತಗೊ. ಒಂದು ಕಡೆ ವಿಡಿಯೊ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಇನ್ನೊಂದು ಕಡೆ ಮಾಸ್ತರರು ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಎಂಟ್ರಿ ಮಾಡುತ್ತಿರುತ್ತಾರೆ. ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಅದಕ್ಕೂ ಮೊದಲಿನ, ತಂತ್ರಜ್ಞಾನದ ನೆರವಿನ ಕಲಿಕೆಗೆಂದು ರಾಜ್ಯ ನಡೆಸಿದ ಟಾಲ್ಪ್ ತರಬೇತಿಯಲ್ಲಿ ಪ್ರೌಢಶಾಲಾ ಶಿಕ್ಷಕರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಜಿಯೊಜಿಬ್ರಾದಂಥವನ್ನು ಕೈಯಾರೆ ಕಲಿಸಿದ್ದರು, ಅದು ವಾಸಿ. ಆದರೆ ಕರೆಂಟು ಹೋದ ತೋಟದಲ್ಲಿ, ಕೀಪ್ಯಾಡ್ ಫೋನಿನ ಆಚೆ ತುದಿಯ ಮಗುವಿಗೆ ಐದು ನಿಮಿಷದಲ್ಲಿ ಭಿನ್ನರಾಶಿ ಹೇಳಿಕೊಡುವುದು ಹೇಗೆಂಬುದು ಆ ಪಠ್ಯದಲ್ಲಿ ಇರುವಂಥದ್ದಲ್ಲ. ಅದನ್ನು ಬಲ್ಲವರು ಆ ವರ್ಷ ಅದನ್ನೇ ಮಾಡಿದ ಶಿಕ್ಷಕರು.

ಅವರನ್ನು ಕೂರಿಸಿ ಕೇಳುವ ಜಾಗ ಹೊಸದಾಗಿ ಕಟ್ಟಬೇಕಿಲ್ಲ, ಕ್ಲಸ್ಟರಿನ ಸಮಾಲೋಚನಾ ಸಭೆ ಇದ್ದೇ ಇದೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಸುತ್ತೋಲೆ ಓದಿ, ಮಾಹಿತಿ ನಮೂನೆ ಕೇಳಿ, ಚಹಾ ಕುಡಿದು ಏಳುವ ಸಭೆಯಾಗಿ ಅದು ಸೊರಗದಿದ್ದರೆ, ಒಬ್ಬರು ತಾವು ಕಳಿಸಿದ ಮೂರು ನಿಮಿಷದ ಧ್ವನಿಪಾಠ ಕೇಳಿಸಬಹುದು, ಇನ್ನೊಬ್ಬರು ಅದೇ ಪಾಠಕ್ಕೆ ಹಾಳೆ ಮಾಡಿಕೊಡಬಹುದು. ಇಪ್ಪತ್ತು ಶಾಲೆಯ ಶಿಕ್ಷಕರು ಒಂದೇ ಪಾಠಕ್ಕೆ ಇಪ್ಪತ್ತು ಸಲ ರಾತ್ರಿ ಕೂತು ದುಡಿಯುವುದು ತಪ್ಪುತ್ತದೆ.

ಈ ಸೀಮೆಗೆ ಇನ್ನೊಂದು ತೊಡಕಿದೆ, ಭಾಷೆಯದು. ನಿಪ್ಪಾಣಿ, ಕಾಗವಾಡ, ಚಿಕ್ಕೋಡಿಗಳಲ್ಲಿ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಉರ್ದು ಶಾಲೆಗಳಿವೆ. ಮನೆಯಲ್ಲಿ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳೂ ಇದ್ದಾರೆ. ಮರಾಠಿ ಮಾಧ್ಯಮದ ಶಿಕ್ಷಕರು ದೀಕ್ಷಾದಲ್ಲಿ ಮರಾಠಿ ವಿಡಿಯೊ ಹುಡುಕಿದರೆ ಸಿಗುವ ರಾಶಿ ಮಹಾರಾಷ್ಟ್ರದ ಬಾಲಭಾರತಿ ಪುಸ್ತಕಗಳದ್ದು. ಅವರ ಮಕ್ಕಳ ಕೈಯಲ್ಲಿರುವುದು ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕ. ಸಮಾಜ ವಿಜ್ಞಾನದಂಥ ವಿಷಯದಲ್ಲಿ ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಇದರ ಉಲ್ಟಾ ತೊಂದರೆ. ಅಕ್ಕಲಕೋಟೆ ಇರುವ ಸೊಲ್ಲಾಪುರ ಜಿಲ್ಲೆಯದೇ ಆದ ಪರಿತೇವಾಡಿ ಎಂಬ ಸಣ್ಣ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಳೆ ಅವರು ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿ, 2020ರ ಡಿಸೆಂಬರಿನಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದವರಿಗೆ ಹಂಚಿದರು. ಒಬ್ಬ ಹಳ್ಳಿ ಶಿಕ್ಷಕ ತನ್ನ ಮಕ್ಕಳಿಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳಬಲ್ಲ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಇರುವಾಗ, ನಿಪ್ಪಾಣಿಯ ಮರಾಠಿ ಶಿಕ್ಷಕರ ಒಂದು ತಂಡಕ್ಕೆ ಬೇಸಿಗೆಯಲ್ಲಿ ಹತ್ತು ದಿನ, ಒಂದು ಮೈಕು, ದಿನಭತ್ಯೆ ಕೊಟ್ಟರೆ ಸಾಕಿತ್ತು.

ಕಬ್ಬಿನ ಹಂಗಾಮನ್ನೂ ಮರೆಯುವಂತಿಲ್ಲ. ದೀಪಾವಳಿಯ ಹೊತ್ತಿಗೆ ಬೀಡ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಇಲ್ಲಿನ ಫ್ಯಾಕ್ಟರಿಗಳಿಗೆ ಬರುತ್ತವೆ, ಮಕ್ಕಳನ್ನೂ ಕರೆತರುತ್ತವೆ. ಆ ಮಗುವಿನ ಊರಿನ ಶಿಕ್ಷಕರು ವಾರಕ್ಕೊಂದು ಕರೆ ಮಾಡಿ, ಇಲ್ಲಿನ ಶಿಕ್ಷಕರು ಹತ್ತಿರದ ಶಾಲೆಯಲ್ಲಿ ಕೂರಿಸಿಕೊಂಡರೆ ಮಾರ್ಚ್‌ನಲ್ಲಿ ಅದು ಹಿಂತಿರುಗುವಾಗ ಓದು ಕೈಬಿಟ್ಟಿರುವುದಿಲ್ಲ. ಅರ್ಧ ಇಲ್ಲಿ ಅರ್ಧ ದೂರದಲ್ಲಿ ಎಂಬ ಬೋಧನೆ ಯಾರಿಗಾದರೂ ನಿಜವಾಗಿ ಬೇಕಿದ್ದರೆ ಈ ಮಕ್ಕಳಿಗೆ.

ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಕಚೇರಿಗೆ, ಈ ಐದೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಕೇಳಿಕೊಳ್ಳುವುದಿಷ್ಟು. ಹೊಳೆದಂಡೆಯ ಮತ್ತು ತೋಟದ ಶಾಲೆಗಳಲ್ಲಿ ವಿದ್ಯಾಗಮದ ಆ ಮೂರು ಪಟ್ಟಿಯನ್ನು ಪ್ರತಿ ಜೂನಿನಲ್ಲಿ ಹೊಸದಾಗಿ ಬರೆಸಿ. ಹದಿನೈದು ದಿನಕ್ಕಾಗುವಷ್ಟು ಅಭ್ಯಾಸ ಹಾಳೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಇಲಾಖೆಯ ಖರ್ಚಿನಲ್ಲೇ ಮುದ್ರಿಸಿ ಎತ್ತರದ ಊರಿನ ಶಾಲೆಯಲ್ಲಿಡಿ. ಬಾಂದಾರ ಮುಳುಗಿದ ದಿನ ಆಚೆ ದಂಡೆಯ ಮಕ್ಕಳಿಗೆ ಯಾವ ಶಿಕ್ಷಕರು ಹೊಣೆ ಎಂದು ಮೊದಲೇ ಹೆಸರು ಬರೆದಿಡಿ, ಅವರ ಫೋನ್ ರೀಚಾರ್ಜ್, ಪೆಟ್ರೋಲ್ ದುಡ್ಡು ಕೊಡಿ. ಆ ಹದಿನೈದು ದಿನ ಅವರಿಗೆ ಬೇರೆ ಯಾವ ಮಾಹಿತಿಯನ್ನೂ ಕೇಳಬೇಡಿ.