ಕನಸೆಂದು ತಿಳಿದರೂ ಬಿಡದ ಕನಸು

ಕನಸಿಗೆ ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಮರ್ಯಾದೆಯುಂಟು. ಶಿಗ್ಗಾಂವಿ ತಾಲೂಕಿನ ಬಾಡದ ತಿಮ್ಮಪ್ಪನಾಯಕನಿಗೆ ಕಾಗಿನೆಲೆಯ ಆದಿಕೇಶವನು ಕನಸಿನಲ್ಲಿ ಬಂದು ತನ್ನ ದಾಸನಾಗೆಂದು ಕರೆದನೆಂಬ ಐತಿಹ್ಯವನ್ನು ನಾವೆಲ್ಲರೂ ಕೇಳಿದ್ದೇವೆ. ಆ ನಾಯಕನೇ ಮುಂದೆ ಕನಕದಾಸನಾದನು. ಆದರೆ ನಾನಿಲ್ಲಿ ಹೇಳಹೊರಟಿರುವದು ಅಂಥ ದೊಡ್ಡ ಕನಸಿನ ಮಾತಲ್ಲ. ಕರೆಯದೆ ಬಂದು, ಹೋಗೆಂದರೆ ಹೋಗದೆ, ಬೆಳಗಾಗುವದರೊಳಗೆ ಮನುಷ್ಯನನ್ನು ಹಿಂಡಿಬಿಡುವ ಒಂದು ಬಗೆಯ ಕನಸಿನ ಮಾತು. ಕಾಣುತ್ತಿರುವಾಗಲೇ 'ಇದು ಕನಸು' ಎಂಬ ತಿಳಿವು ಇರುವದೇ ಇದರ ಲಕ್ಷಣ. ಇದನ್ನು ಅರಿವಿನ ಕನಸು ಎಂದು ಕರೆಯೋಣ.

ನನ್ನ ಊರು ಹಿರೇಕೆರೂರು ತಾಲೂಕಿನ ಒಂದು ಹಳ್ಳಿ. ಕಳೆದ ಬೇಸಿಗೆಯಲ್ಲಿ ನಮ್ಮ ಹೊಲದ ಪಂಪಸೆಟ್ಟಿಗೆ ತ್ರೀಫೇಜ್ ಕರೆಂಟು ರಾತ್ರಿಯ ಪಾಳಿಯಲ್ಲಿ ಬರುತ್ತಿತ್ತು. ಮೂರು ಗಂಟೆಗೆ ಎದ್ದು ನೀರು ಹಾಯಿಸಿ, ನಾಲ್ಕೂವರೆಗೆ ಮನೆಗೆ ಬಂದು, ಅರ್ಧ ತಾಸು ಪುಸ್ತಕ ಹಿಡಿದು ಮತ್ತೆ ಮಲಗುತ್ತಿದ್ದೆ. ಆಗ ಶುರುವಾಯಿತು ಈ ಕಾಟ. ಕನಸಿನಲ್ಲಿಯೂ ಹೊಲಕ್ಕೆ ಹೋಗುವದು, ಸ್ಟಾರ್ಟರ್ ಒತ್ತುವದು, ನೀರು ಬಾರದಿರುವದು. ಇದು ಕನಸೆಂದು ಗೊತ್ತು. ಏಳಬೇಕೆಂದು ಒದ್ದಾಡಿದರೂ ಏಳಲಾಗದು. ಕೊನೆಗೆ ಎದ್ದು, ಮುಖ ತೊಳೆದು, ಬಸ್ಸು ಹತ್ತಿ ಕುಳಿತ ಮೇಲೆ ತಿಳಿಯುವದು, ಎದ್ದದ್ದೂ ಕನಸೇ ಎಂದು!

ಒಂದು ಮುಂಜಾನೆ ಅವ್ವ ಕೇಳಿದಳು: "ತಮ್ಮಾ, ಮಲಗಿ ಎದ್ದಾಂವ ಹಿಂಗ್ಯಾಕ ಸೋತ ಮಾರಿ ಮಾಡೀಯೋ?"

"ಮಲಗಿದ್ದೆಲ್ಲೆವಾ? ರಾತ್ರಿ ಎಲ್ಲಾ ಎಚ್ಚರ ಇದ್ದಂಗ ಆಗೇತಿ."

ಅವಳು ತಾಯಿತ ಕಟ್ಟಿಸಿದಳು. ಕಟ್ಟಿಸಿಕೊಂಡೆ. ಆದರೆ ಅದೇ ವಾರ ಕಿರುಪರೀಕ್ಷೆಯಲ್ಲಿ ಎರಡು ಪ್ರಶ್ನೆ ಬರೆದು ಉತ್ತರಪತ್ರಿಕೆಯ ಮೇಲೆಯೇ ತಲೆಯಿಟ್ಟು ನಿದ್ದೆ ಹೋದೆ. ನನಗೆ ಬುದ್ಧಿಭ್ರಮಣೆಯಾಗುತ್ತಿದೆಯೆಂಬ ಭಯ ಹೊಕ್ಕಿತು. ಆ ಭಯವೇ ನನ್ನನ್ನು ಈ ವಿಷಯವನ್ನು ಓದುವಂತೆ ಮಾಡಿತು. ಓದಿ ತಿಳಿದುದನ್ನು ವಾಚಕ ಮಿತ್ರರ ಮುಂದಿಡುತ್ತೇನೆ.

ಮೊದಲನೆಯದಾಗಿ, ಇದು ಹುಚ್ಚಿನ ಗುರುತಲ್ಲ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016 ರಲ್ಲಿ ಪ್ರಕಟವಾದ ಲೆಕ್ಕದಂತೆ, ನೂರಕ್ಕೆ ಸುಮಾರು 55 ಜನ ಒಮ್ಮೆಯಾದರೂ ಇಂಥ ಕನಸು ಕಂಡವರೇ. ನಮ್ಮ ಹಿರಿಯರಿಗೂ ಈ ವಿಚಾರ ಹೊಸದಲ್ಲ. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ನಾಲ್ಕು ಅವಸ್ಥೆಗಳನ್ನು ಹೇಳಿದೆ. ಪಾಶ್ಚಾತ್ಯರಲ್ಲಿ ಡಚ್ ವೈದ್ಯರೂ ಸಾಹಿತಿಗಳೂ ಆದ ಫ್ರೆಡರಿಕ್ ವಾನ್ ಈಡನ್ನರು 1913 ರಲ್ಲಿ ಇದಕ್ಕೆ 'ಲೂಸಿಡ್ ಡ್ರೀಮ್' ಎಂಬ ಹೆಸರನ್ನು ಬಳಕೆಗೆ ತಂದರು.

ಇದರ ಕಾರಣ ತಿಳಿಯಬೇಕಾದರೆ ನಿದ್ದೆಯ ರಚನೆಯನ್ನು ತಿಳಿಯಬೇಕು. 1953 ರಲ್ಲಿ ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಶಾಸ್ತ್ರಜ್ಞರು, ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವದನ್ನು ಪ್ರಕಟಿಸಿದರು. ಇದೇ 'ರೆಮ್' ನಿದ್ದೆ. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವದು ಇದರಲ್ಲಿಯೇ. ಸುಮಾರು 90 ನಿಮಿಷಕ್ಕೊಮ್ಮೆ ಇದು ಮರಳಿ ಬರುತ್ತದೆ. ಮೊದಲ ಸರದಿ ಕೆಲವೇ ನಿಮಿಷದ್ದು. ಬೆಳಗಿನ ಕಡೆಗೆ ಅದು ಉದ್ದವಾಗುತ್ತ ಹೋಗುತ್ತದೆ. ಆಗ ಕೈಕಾಲಿನ ಸ್ನಾಯುಗಳು ಸಡಿಲಾಗಿ ಅಲುಗಾಡದಂತಿರುತ್ತವೆ. ನಾನು ಕನಸಿನಲ್ಲಿ ಏಳಲೆಂದು ಒದ್ದಾಡಿದರೂ ದೇಹ ಏಳದಿದ್ದುದಕ್ಕೆ ಭೂತವಲ್ಲ, ಈ ಸಡಿಲಿಕೆಯೇ ಕಾರಣ. ಆದರೆ ಕಣ್ಣಿಗೆ ಈ ಕಟ್ಟಿಲ್ಲ. 1975 ರಲ್ಲಿ ಇಂಗ್ಲಂಡಿನ ಕೀತ್ ಹರ್ನ್ ಎಂಬವರ ಪ್ರಯೋಗದಲ್ಲಿ, ನಿದ್ದೆಯಲ್ಲಿದ್ದ ಮನುಷ್ಯನೊಬ್ಬನು ಮೊದಲೇ ಗೊತ್ತುಮಾಡಿಕೊಂಡಂತೆ ಕಣ್ಣನ್ನು ಎಡಬಲಕ್ಕೆ ಹೊರಳಿಸಿ, ತಾನು ಕನಸಿನಲ್ಲಿ ಎಚ್ಚರವಿದ್ದೇನೆಂದು ಸನ್ನೆ ಮಾಡಿದನು.

ಇನ್ನು ನನ್ನನ್ನು ಬೆರಗುಗೊಳಿಸಿದ ಸಂಗತಿ ಕೇಳಿರಿ. ಇಂಥ ಕನಸು ಬೇಕೆಂದು ಬಯಸುವವರು ಮಾಡುವ ಒಂದು ಸಾಧನೆಯುಂಟು: ಐದಾರು ತಾಸು ನಿದ್ದೆಯಾದ ಮೇಲೆ ಏಳುವದು, ಅರ್ಧ ಒಂದು ತಾಸು ಎಚ್ಚರವಿದ್ದು ಏನಾದರೂ ಓದುವದು, ಮರಳಿ ಮಲಗುವದು. ಮಿದುಳು ಅರೆ ಎಚ್ಚರದಲ್ಲಿಯೇ ಉದ್ದನೆಯ ರೆಮ್ ನಿದ್ದೆಗೆ ಜಾರುತ್ತದೆ. ನಾನು ನೀರು ಹಾಯಿಸುವ ನೆಪದಲ್ಲಿ ಇದನ್ನೇ ಹೆಚ್ಚುಕಡಿಮೆ ನಿತ್ಯವೂ ಮಾಡುತ್ತಿದ್ದೆನಲ್ಲವೇ! ಹಾನಗಲ್ಲ ಕಡೆಯ ಗೆಳೆಯನೊಬ್ಬ ಗೋವಿನಜೋಳಕ್ಕೆ ಹಂದಿ ಕಾಯಲು ಏಳುತ್ತಾನೆ. ಸವಣೂರಿನ ಇನ್ನೊಬ್ಬ ಎಲೆಯ ಪೆಂಡಿ ಕಟ್ಟಲು ಏಳುತ್ತಾನೆ. ಪರೀಕ್ಷೆ ಬಂದರೆ ನಾವೆಲ್ಲರೂ ಅಲಾರಾಂ ಇಟ್ಟು ಏಳುವವರೇ. ನಮ್ಮಲ್ಲಿ ಅನೇಕರಿಗೆ ಈ ಕನಸು ಬಿದ್ದರೆ ಆಶ್ಚರ್ಯವೇನು?

ಆದ್ದರಿಂದ ಬಹಳ ಸಲ ದಣಿವಿನ ಮೂಲ ಕನಸಲ್ಲ, ತುಂಡಾದ ನಿದ್ದೆ. ಆದರೆ ಎಲ್ಲರ ವಿಷಯದಲ್ಲಿಯೂ ಹೀಗೆನ್ನುವಂತಿಲ್ಲ. ರಾತ್ರಿಯಿಡೀ ಮುಗಿಯದ ಕನಸು ಕಂಡು ದಣಿದೇಳುವ ಕೆಲವರನ್ನು ಅಮೇರಿಕದ ಶೆಂಕ್ ಮತ್ತು ಮಹೋವಾಲ್ಡ್ ಎಂಬ ವೈದ್ಯರು 1995 ರಲ್ಲಿ ವರ್ಣಿಸಿದ್ದಾರೆ. ಅವರಲ್ಲಿ ಹೆಚ್ಚಿನವರ ನಿದ್ದೆಯನ್ನು ಯಂತ್ರದಿಂದ ಪರೀಕ್ಷಿಸಿದಾಗ ದೋಷವೇನೂ ಕಾಣಲಿಲ್ಲ. ಹೀಗಾಗಿ "ಎಂಟು ತಾಸು ಮಲಗಿದ್ದೀ, ದಣಿವೆಲ್ಲಿಯದು?" ಎಂದು ಯಾರನ್ನೂ ಹಂಗಿಸಬಾರದು.

ಹಾಗಾದರೆ ಉಪಾಯವೇನು? ಮೊದಲ ಉಪಾಯ, ನಿದ್ದೆಯನ್ನು ಒಡೆಯದೆ ಒಂದೇ ಗಂಟಾಗಿ ಮಾಡುವದು. ಅಣ್ಣನೂ ನಾನೂ ವಾರದ ಪಾಳಿ ಹಂಚಿಕೊಂಡೆವು. ನನ್ನ ಪಾಳಿಯಿದ್ದಾಗ ಒಂಬತ್ತಕ್ಕೇ ಮಲಗಿ, ಮೂರಕ್ಕೆ ಎದ್ದವನು ಮತ್ತೆ ಹಾಸಿಗೆಗೆ ಹೋಗುವದನ್ನು ಬಿಟ್ಟೆ. ಕೊರತೆಯನ್ನು ಮಧ್ಯಾಹ್ನದ ಚಿಕ್ಕ ನಿದ್ದೆಯಿಂದ ತುಂಬಿಕೊಂಡೆ. ಎರಡನೆಯದು, ಕನಸಿಗೆ ಗಮನದ ಗೊಬ್ಬರ ಹಾಕದಿರುವದು. ಕನಸನ್ನು ಬರೆದಿಡುವದು, ಹಗಲೆಲ್ಲ 'ಇದು ಕನಸೋ ನನಸೋ' ಎಂದು ಪರೀಕ್ಷಿಸುವದು, ಮೊಬೈಲಿನಲ್ಲಿ ಅದರ ವಿಡಿಯೋ ನೋಡುವದು, ಇವೆಲ್ಲ ಅದನ್ನು ಬೆಳೆಸುತ್ತವೆ. ಸಂಜೆಯ ಮೇಲೆ ಚಹಾ ಬಿಟ್ಟರೆ ಒಳಿತು.

ಮೂರನೆಯದು, ಕನಸಿನೊಳಗೆ ಹೋರಾಡದಿರುವದು. ಹೋರಾಡಿದಷ್ಟೂ ಹೆದರಿಕೆ ಹೆಚ್ಚುತ್ತದೆ. 'ದೇಹ ಮಲಗಿದೆ, ಇದು ತಾನೇ ಮುಗಿಯುತ್ತದೆ' ಎಂದುಕೊಂಡು ಬಸ್ಸಿನ ಕಿಟಕಿಯಿಂದ ಹೊಲಗಳನ್ನು ನೋಡುವಂತೆ ನೋಡುತ್ತಿರಬೇಕು. ಏಳಲೇಬೇಕೆನಿಸಿದರೆ ಒಂದೇ ವಸ್ತುವನ್ನು ಎವೆಯಿಕ್ಕದೆ ದಿಟ್ಟಿಸಬೇಕು. ಇದರಿಂದ ಕನಸು ಒಡೆಯುವದುಂಟೆಂದು ಜರ್ಮನಿಯ ಪಾಲ್ ಥೋಲೆ ಎಂಬ ಮನಃಶಾಸ್ತ್ರಜ್ಞರು ಬರೆದಿದ್ದಾರೆ. ಮತ್ತೆ ಮತ್ತೆ ಬರುವ ಕೆಟ್ಟ ಕನಸಿದ್ದರೆ, ಹಗಲಿನಲ್ಲಿ ಅದರ ಕೊನೆಯನ್ನು ಬೇರೆ ಮಾಡಿ ಮನಸ್ಸಿನಲ್ಲಿ ಕೆಲವು ನಿಮಿಷ ನಡೆಸಿ ನೋಡುವ ಚಿಕಿತ್ಸೆಯೂ ಉಂಟು. ನಾನು ನಿತ್ಯ ನನ್ನ ಪಂಪಿನಿಂದ ನೀರು ಬಂದಂತೆ ಎಣಿಸುತ್ತಿದ್ದೆ.

ಇಷ್ಟಾದರೂ ತಗ್ಗದಿದ್ದರೆ, ಹಗಲಿನಲ್ಲಿ ತಡೆಯಲಾರದ ನಿದ್ದೆ ಎರಗುತ್ತಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಅಥವಾ ಹೊಸ ಔಷಧದ ನಂತರ ಕನಸು ಹೆಚ್ಚಾದರೆ ವೈದ್ಯರನ್ನು ಕಾಣಲೇಬೇಕು. ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಲ್ಲ. 2022 ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ 14416 ಕ್ಕೆ ಪುಕ್ಕಟೆಯಾಗಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನನಗೆ ಗುಣ ಕಾಣಲು ಒಂದೂವರೆ ತಿಂಗಳು ಹಿಡಿಯಿತು. ಈಗಲೂ ಅಪರೂಪಕ್ಕೊಮ್ಮೆ ಆ ಕನಸು ಬರುತ್ತದೆ. ಬಂದರೆ ಬರಲೆಂದು ಬಿಟ್ಟುಬಿಡುತ್ತೇನೆ. ತಾಯಿತವನ್ನೂ ಬಿಚ್ಚಿಲ್ಲ, ಅದು ಅವ್ವನ ಸಮಾಧಾನಕ್ಕೆ. ನನ್ನ ಸಮಾಧಾನಕ್ಕೆ ಇಷ್ಟು ಸಾಕು: ಮೊನ್ನೆಯ ಪರೀಕ್ಷೆಯಲ್ಲಿ ಐದು ಪ್ರಶ್ನೆಗಳನ್ನೂ ಎಚ್ಚರವಿದ್ದೇ ಬರೆದೆ.