ನೋಡೋಕೆ ಒಂದೇ ಬೈಲಹೊಂಗಲ

ನಮ್ಮ ಕ್ಲಬ್ಬಿನ ಲೇಖನ, ಫೋಟೋ ಎಲ್ಲವನ್ನೂ ತಾಲೂಕುವಾರು ನಾಲ್ಕು ಫೋಲ್ಡರ್‌ಗಳಲ್ಲಿ ಇಡ್ತೀವಿ: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಪ್ರತಿ ಸಲ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಕೆ, ಕಂಟ್ರೋಲ್ ಓ ಒತ್ತಿ ಹುಡುಕ್ತಾ ಕೂರೋದು ಬೇಜಾರಿನ ಕೆಲಸ. ಉಬುಂಟುನಲ್ಲಿ ಇದನ್ನು ಒಂದು ಶಾರ್ಟ್‌ಕಟ್‌ಗೆ ಇಳಿಸಬಹುದು.

ಬೇಕಾಗೋದು ಪುಟ್ಟ ಬ್ಯಾಶ್ ಸ್ಕ್ರಿಪ್ಟ್ ಅಷ್ಟೇ. ಅದು ಮುಖ್ಯ ಫೋಲ್ಡರ್ ಒಳಗಿನ ಹೆಸರುಗಳನ್ನು ಎಲ್‌ಎಸ್‌ನಿಂದ ಪಡೆದು ಝೆನಿಟಿಗೆ ಕೊಡುತ್ತದೆ. ಝೆನಿಟಿ ಪಟ್ಟಿ ತೋರಿಸುತ್ತದೆ; ನಾವು ಆರಿಸಿದ್ದು 'ಕೋಡ್' ಕಮಾಂಡ್‌ಗೆ ಹೋಗುತ್ತದೆ. ಆರಿಸಿದ ಹೆಸರಿಗೆ ಡಬಲ್ ಕೋಟ್ ಹಾಕಲೇಬೇಕು. ಇಲ್ಲದಿದ್ರೆ 'ಸವದತ್ತಿ ಕೋಟೆ' ಅನ್ನೋ ಫೋಲ್ಡರ್ ಎರಡು ಬೇರೆ ಹೆಸರಾಗಿಬಿಡುತ್ತದೆ. ಏನೂ ಆರಿಸದೆ ಕ್ಯಾನ್ಸಲ್ ಒತ್ತಿದ್ರೆ ಅಲ್ಲೇ ನಿಲ್ಲುವಂತೆ ಒಂದು ಇಫ್ ಇರಲಿ. ಚಾಲೂ ಇರೋ ವಿಂಡೋದಲ್ಲೇ ಬೇಕಾದ್ರೆ ಮೈನಸ್ ಆರ್ ಸೇರಿಸಿ.

ಆಮೇಲೆ ಚಮೋಡ್‌ನಿಂದ ಸ್ಕ್ರಿಪ್ಟ್‌ಗೆ ರನ್ ಆಗೋ ಅನುಮತಿ ಕೊಟ್ಟು, ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕಸ್ಟಮ್ ಶಾರ್ಟ್‌ಕಟ್ ಸೇರಿಸಿದ್ರೆ ಮುಗೀತು. ಅಲ್ಲಿ ಪೂರ್ತಿ ಪಾಥ್ ಬರೀರಿ, ಟಿಲ್ಡೆ ನಡೆಯಲ್ಲ. ಕಂಟ್ರೋಲ್ ಆಲ್ಟ್ ಟಿ ಮುಟ್ಟಬೇಡ್ರಿ, ಅದು ಟರ್ಮಿನಲ್‌ದು.

ಇರೋದೇ ನಾಲ್ಕು ಫೋಲ್ಡರ್, ಹೆಸರನ್ನು ಸ್ಕ್ರಿಪ್ಟ್‌ನಲ್ಲೇ ಟೈಪ್ ಮಾಡಿಟ್ರೆ ಆಗಲ್ವಾ? ಕಿತ್ತೂರಿಗೆ ಆಗುತ್ತೆ. ಬೈಲಹೊಂಗಲಕ್ಕೆ ಕೈಕೊಡಬಹುದು! ಯೂನಿಕೋಡ್‌ನಲ್ಲಿ 'ಹೊ'ದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲಾ ಎತ್ವ ಮತ್ತು ಊತ್ವದ ಚಿಹ್ನೆಗಳಾಗಿ ಒಡೆದೂ ಬರೆಯಬಹುದು. 'ಬೈ'ನ ಐತ್ವಕ್ಕೂ ಹೀಗೇ ಎರಡು ರೂಪ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್; ಹಾಗಾಗಿ ಕೂಡಿಸಿ ಬರೆದ ಬೈಲಹೊಂಗಲ 24 ಬೈಟ್, ಒಡೆದದ್ದು 30. ಪರದೆ ಮೇಲೆ ಎರಡೂ ಒಂದೇ. ಲಿನಕ್ಸ್‌ಗೆ ಮಾತ್ರ ಎರಡು ಬೇರೆ ಊರು.

ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಒಡೆದೇ ಇಡುತ್ತದೆ. ಅಲ್ಲಿಂದ ಬಂದ ಫೋಲ್ಡರ್‌ನ ಹೆಸರನ್ನು ನಾವು ಕೂಡಿಸಿ ಟೈಪ್ ಮಾಡಿದ್ರೆ, ವಿಎಸ್ ಕೋಡ್ ಫೋಲ್ಡರ್ ಬದಲು ಅದೇ ಹೆಸರಿನ ಖಾಲಿ ಫೈಲ್ ತೆರೆದು ಕೂರುತ್ತದೆ. 'ಎಲ್ಲಾ ಡಿಲೀಟ್ ಆಯ್ತು' ಅಂತ ಎದೆ ಧಸಕ್ ಅನ್ನೋದು ಆಗಲೇ. ಯಾರಾದ್ರೂ ಹೊಸ ಬೈಲಹೊಂಗಲ ಮಾಡಿಬಿಟ್ರಂತೂ ಅರ್ಧ ಲೇಖನ ಇದರಲ್ಲಿ, ಅರ್ಧ ಅದರಲ್ಲಿ. ಅದಕ್ಕೇ ನಾವು ಟೈಪ್ ಮಾಡದೆ ಪಟ್ಟಿಯಿಂದ ಆರಿಸೋದು: ಡಿಸ್ಕ್‌ನಲ್ಲಿರೋ ಬೈಟ್‌ಗಳೇ ಹಾಗೇ ಹೋಗ್ತವೆ.

ಪಟ್ಟಿಯಲ್ಲಿ ಈಗಾಗಲೇ ಎರಡು ಬೈಲಹೊಂಗಲ ಕಾಣಿಸ್ತಿದ್ರೆ, ಒಂದರೊಳಗಿನ ಫೈಲ್‌ಗಳನ್ನು ಇನ್ನೊಂದಕ್ಕೆ ಸೇರಿಸಿ, ಖಾಲಿಯಾದದ್ದನ್ನು ಅಳಿಸಿ. ಆಮೇಲೆ ಕನ್ವ್‌ಎಂವಿ ಅನ್ನೋ ಟೂಲ್‌ನಲ್ಲಿ ಎನ್‌ಎಫ್‌ಸಿ ಆಯ್ಕೆ ಕೊಡಿ. ಒಡೆದ ಹೆಸರು ಕೂಡಿಕೊಳ್ಳುತ್ತದೆ. ನೋಟೆಸ್ಟ್ ಅಂತ ಸೇರಿಸೋವರೆಗೆ ಅದು ಏನು ಬದಲಾಗುತ್ತೆ ಅಂತ ತೋರಿಸುತ್ತೆ ಅಷ್ಟೇ, ಏನನ್ನೂ ಮುಟ್ಟಲ್ಲ.